ಕಟ್ಟಿನಯ್ಯನ ಬಲಮಂಡಿ

ಅವರ ಬಲಗೈ ಹೆಬ್ಬೆರಳು ನಮ್ಮ ನಿಮ್ಮ ಹೆಬ್ಬೆರಳಿನ ಹಾಗಿರಲಿಲ್ಲ. ತುದಿ ಅಗಲವಾಗಿ, ಚಪ್ಪಟೆಯಾಗಿ, ವರ್ಷಗಟ್ಟಲೆ ಸಾರು ತಿರುವಿದ ಮರದ ಸೌಟಿನ ಹಾಗೆ ಸವೆದಿತ್ತು. ಉಗುರಿನ ಸಂದಿಯಲ್ಲಿ ಯಾವಾಗಲೂ ಒಣಗಿದ ಉದ್ದಿನ ಹಿಟ್ಟು. ಪಕ್ಕದಲ್ಲಿ ಕೂತರೆ ಎಳ್ಳೆಣ್ಣೆ, ಕೋಳಿಮೊಟ್ಟೆಯ ಬಿಳಿ, ಮತ್ತು ಅವರು ಸಾಯುವವರೆಗೂ ಹೆಸರು ಬಾಯಿಬಿಡದ ಒಂದು ಸೊಪ್ಪು, ಈ ಮೂರೂ ಕಲೆತ ವಾಸನೆ. ಆ ಹೆಬ್ಬೆರಳನ್ನು ಊದಿದ ಜಾಗದ ಮೇಲಿಟ್ಟು, ಕಣ್ಣು ಮುಚ್ಚಿ, ಬೇರೆ ಯಾವುದಾದರೂ ಮಾತು ತೆಗೆಯುತ್ತಿದ್ದರು.

“ಈ ಸಲ ಗೂಡು ಏನ್ ರೇಟಿಗೆ ಹೋಯ್ತವ್ವ ಮಾರ್ಕೆಟ್ಟಲ್ಲಿ?”

ನೋವು ತಿನ್ನುತ್ತಿದ್ದ ಹೆಂಗಸು ರೇಷ್ಮೆಗೂಡಿನ ರೇಟು ಹೇಳಲು ಬಾಯಿ ತೆರೆಯುವಷ್ಟರಲ್ಲಿ ಟಕ್ ಎಂದು ಒಂದು ಸದ್ದು. ಜಾರಿದ ಕೀಲು ತನ್ನ ಜಾಗದಲ್ಲಿ ಕೂತಿರುತ್ತಿತ್ತು. ರೇಟು ಮಾತ್ರ ಅರ್ಧಕ್ಕೇ ನಿಂತಿರುತ್ತಿತ್ತು.

ಚನ್ನಪಟ್ಟಣ ತಾಲ್ಲೂಕಿನಲ್ಲಿ, ಬೈರಾಪಟ್ಟಣದ ಆಚೆಗೆ ಒಂದು ಸಣ್ಣ ಹಳ್ಳಿಯಲ್ಲಿ ಅವರ ಮನೆ. ಉಳುಕಿದ ಕೀಲಿಗೆ, ಬಿರುಕು ಬಿಟ್ಟ ಮೂಳೆಗೆ ಸೊಪ್ಪು ಅರೆದು, ಬಿದಿರು ದಬ್ಬೆ ಇಟ್ಟು ಕಟ್ಟು ಹಾಕುತ್ತಿದ್ದರು. ಅವರಪ್ಪನೂ ಅದೇ ಜಗಲಿಯ ಮೇಲೆ ಅದನ್ನೇ ಮಾಡಿದವರು. ಹಾಗಾಗಿ ಊರಿಗೆಲ್ಲ ಅವರು ಕಟ್ಟಿನಯ್ಯ. ಭಾನುವಾರ, ಗುರುವಾರ ಬೆಳಿಗ್ಗೆ ಜಗಲಿ ತುಂಬ ಜನ. ದೊಡ್ಡಆಲಹಳ್ಳಿ ಕಡೆಯವರು ಟೆಂಪೋ ಮಾಡಿಕೊಂಡು ಬರುತ್ತಿದ್ದರು. ಮಾಗಡಿ ಕಡೆಯವರು ಮುರಿದವನನ್ನು ಬೈಕಿನ ಮೇಲೆ ಇಬ್ಬರ ನಡುವೆ ಇರುಕಿಸಿ ತರುತ್ತಿದ್ದರು. ಮುರಿಯದೆ ಉಳಿದದ್ದೇನಾದರೂ ಇದ್ದರೆ ಅದು ದಾರಿಯಲ್ಲಿ ಮುರಿಯುತ್ತಿತ್ತು. ಕಟ್ಟು ಹಾಕಿದ್ದಕ್ಕೆ ಪ್ರತಿಯಾಗಿ ಎಲೆ ಅಡಿಕೆ, ಒಂದು ತೆಂಗಿನಕಾಯಿ. ಅವರ ಹೆಂಡತಿಯನ್ನು ನಾನು ಅಕ್ಕ ಎನ್ನುತ್ತೇನೆ. ಮದುವೆಯಾದಂದಿನಿಂದ ಅಕ್ಕ ಕಾಯಿ ಕೊಂಡವರಲ್ಲ. ಅವರ ಮನೆಯ ಸಾರಿನಲ್ಲಿ ತೇಲುತ್ತಿದ್ದದ್ದು ಮೂರು ತಾಲ್ಲೂಕುಗಳ ತೆಂಗು.

ನನಗೂ ಅವರಿಗೂ ಸಂಬಂಧ ಬೆಳೆದದ್ದು ನನ್ನ ಬಲ ಮುಂಗೈಯ ಮೂಲಕ. ಎಸ್‌ಎಸ್‌ಎಲ್‌ಸಿ ಪರೀಕ್ಷೆಗೆ ಎರಡು ತಿಂಗಳಿರುವಾಗ ನಾನು ಹುಣಸೆಮರದಿಂದ ಬಿದ್ದೆ. ಅವರಪ್ಪ ಆಗಷ್ಟೇ ತೀರಿಕೊಂಡು, ಜಗಲಿ ಮಗನ ಕೈಗೆ ಬಂದಿತ್ತು. ನನ್ನ ಕೈಯನ್ನು ಹಿಡಿದು, “ಬರೆಯೋ ಕೈ ಇದು, ಇದ್ನ ಕೆಡಿಸಿದ್ರೆ ನಿಮ್ ಮೇಷ್ಟ್ರು ನನ್ನ ಬುಡಾಕಿಲ್ಲ” ಎಂದರು. ನಲವತ್ತೈದು ದಿನ ಕಟ್ಟು. ಬಿಚ್ಚಿದ ಮೇಲೆ ಅಕ್ಷರ ಮೊದಲಿಗಿಂತ ದುಂಡಗಾಗಿತ್ತೆಂದು ನಮ್ಮ ತಾಯಿ ಸಾಯುವವರೆಗೂ ಹೇಳುತ್ತಿದ್ದರು.

ಆ ಕೈಯೇ ನನಗೆ ಅನ್ನ ಹಾಕಿತು. ಚನ್ನಪಟ್ಟಣದಲ್ಲಿ ನೋಂದಣಿ ಕಚೇರಿಯ ಎದುರಿಗೆ ನಾನು ಪತ್ರಬರಹಗಾರ. ಕ್ರಯಪತ್ರ, ವಿಭಾಗಪತ್ರ, ದಾನಪತ್ರ ಬರೆಯುವವನು. ಜನ ರೈಟರ್ ಎನ್ನುತ್ತಾರೆ. ನಮ್ಮ ಕಸುಬಿನ ಮರ್ಮ ಒಂದೇ: ಬಂದವರು ಆಡಿದ್ದನ್ನು ಆಡಿದ ಹಾಗೆ ಬರೆಯಬಾರದು. ಭಾಗಕ್ಕೆ ಬಂದ ಅಣ್ಣತಮ್ಮಂದಿರು ಅಜ್ಜಿಯ ಒಡವೆಯಿಂದ ಹಿಡಿದು ಹೋದ ಹಬ್ಬದಲ್ಲಿ ಕಾಣೆಯಾದ ಹುಂಜದವರೆಗೆ ಒಂದು ಗಂಟೆ ಮಾತಾಡುತ್ತಾರೆ. ನಾವು ಅದನ್ನೆಲ್ಲ ಸೋಸಿ, ‘ಸದರಿ ಸ್ವತ್ತಿನ ಮೇಲೆ ಯಾವುದೇ ತಂಟೆ ತಕರಾರು ಇರುವುದಿಲ್ಲ’ ಎಂದು ಒಂದು ಸಾಲು ಬರೆದು ಸಹಿ ಹಾಕಿಸುತ್ತೇವೆ. ಈ ಸೋಸುವ ವಿದ್ಯೆಯಲ್ಲಿ ನನ್ನನ್ನು ಮೀರಿಸಿದವರು ತಾಲ್ಲೂಕಿನಲ್ಲಿ ಇರಲಿಲ್ಲ. ಇದನ್ನು ನಾನೇ ಹೇಳಿಕೊಳ್ಳುತ್ತಿದ್ದೆ.

ಕಟ್ಟಿನಯ್ಯನದು ಇದಕ್ಕೆ ತದ್ವಿರುದ್ಧ. ಅವರು ಏನನ್ನೂ ಸೋಸುತ್ತಿರಲಿಲ್ಲ. ಕೈಗೆ ತಿಳಿದದ್ದು ಬಾಯಿಗೆ ಬರುತ್ತಿತ್ತು. “ಹೆಂಗ್ ಗೊತ್ತಾಯ್ತದೆ ಅಯ್ಯ?” ಎಂದು ಯಾರು ಕೇಳಿದರೂ ಉತ್ತರ ಒಂದೇ: “ನಾನೇನ್ ಹೇಳಾದ್ಲಾ, ಕೈ ಹೇಳ್ತದೆ.”

ಕೈ ಬೇಡವೆಂದರೆ ಅವರು ಮುಟ್ಟುತ್ತಲೂ ಇರಲಿಲ್ಲ. ಒಮ್ಮೆ ಬೊಂಬೆ ಕಾರ್ಖಾನೆಗೆ ಹೋಗುತ್ತಿದ್ದ ಹೆಂಗಸರ ಆಟೋ ಮಗುಚಿ, ಒಬ್ಬಾಕೆಯ ಮೊಣಕೈ ಹತ್ತಿರ ಮೂಳೆ ಚರ್ಮ ಸೀಳಿ ಹೊರಗೆ ಬಂದಿತ್ತು. ಜಗಲಿಗೆ ಹೊತ್ತು ತಂದರು. ಕಟ್ಟಿನಯ್ಯ ನೋಡಿದ್ದೇ ತಡ, ತಮ್ಮ ಹೆಗಲ ಮೇಲಿನ ಮಡಿ ಟವೆಲ್ ಸುತ್ತಿ, “ಇದು ನನ್ದಲ್ಲ, ಆಸ್ಪತ್ರೇದು. ನಡೀರಿ, ನಾನೂ ಬತ್ತೀನಿ” ಎಂದು ಜೀಪು ಹತ್ತಿದರು. ಗುಂಪಿನಲ್ಲಿ ಒಬ್ಬ, “ಏನಯ್ಯ, ನಿನ್ ಸೊಪ್ಪು ಬಾಡೋಯ್ತಾ?” ಎಂದು ಕಿಚಾಯಿಸಿದ. “ಸೊಪ್ಪು ಹಸಿಯಾಗೇ ಐತೆ, ನಿನ್ ತಲೆ ಒಡ್ಕಂಡು ಬಾ, ಕಟ್ತೀನಿ” ಎಂದರು. ಆಕೆಯ ಕೈ ಉಳಿಯಿತು. ಈಗಲೂ ಬೊಂಬೆಗೆ ಬಣ್ಣ ಹಾಕುತ್ತಾಳೆ.

ಊತದಲ್ಲಿ ಅವರು ಜಾತಿ ಹೇಳುತ್ತಿದ್ದರು. ನನಗೆ ನೆನಪಿರುವುದು, ನೆನಪಿರಲೇಬೇಕಾದದ್ದು, ಎರಡು. ಒಂದು ಕೀವು. ಅದು ದಿನದಿನಕ್ಕೆ ಏರುತ್ತದೆ, ಕಾವು ಒಳಗಿಂದ ಬರುತ್ತದೆ. ಇನ್ನೊಂದನ್ನು ಅವರು ಮರಳು ಎನ್ನುತ್ತಿದ್ದರು. “ಸಂಜೆ ಚೆನ್ನಾಗಿರ್ತದೆ, ಬೆಳಗಾಗೋದ್ರಲ್ಲಿ ಬಂದು ಕುಂತಿರ್ತದೆ. ಚರ್ಮನೇ ಉರಿತದೆ ಕಣ್ಲಾ, ಪಂಚೆ ಅಂಚು ಸೋಕಿದ್ರೂ ಜೀವ ಹೋಯ್ತದೆ. ಕೀಲೊಳಗೆ ಮರಳು ನಿಂತ್ಕಂಡಿರ್ತದೆ, ಅದಕ್ಕೆ ಕಟ್ಟು ಹಾಕಬಾರದು.” ಈ ಮರಳಿನ ವಿಚಾರ ಅವರಿಗೆ ಖುದ್ದು ಪರಿಚಯ. ಮರಿ ಕಡಿದ ಹಬ್ಬದಲ್ಲಿ ಕರುಳಿನ ಬೋಟಿ ಗೊಜ್ಜನ್ನು ಅವರು ಬಿಟ್ಟವರಲ್ಲ. ಬೋಟಿ ತಿಂದ ಮೂರನೆಯ ದಿನ ಅವರ ಎಡಗಾಲ ಹೆಬ್ಬೆಟ್ಟು ಅವರನ್ನು ಬಿಟ್ಟದ್ದಲ್ಲ. ಕೆಂಪಗೆ ಊದಿ, ನಾಲ್ಕು ದಿನ ಕಾಲು ನೆಲಕ್ಕಿಡಲಾಗದೆ ಕೂತಿರುತ್ತಿದ್ದರು. ಅಕ್ಕ ಬೈಯುತ್ತಿದ್ದರು. ಹೆಬ್ಬೆಟ್ಟು ಇಳಿಯುತ್ತಿತ್ತು. ಮುಂದಿನ ಹಬ್ಬ ಬರುತ್ತಿತ್ತು.

ಇಷ್ಟೆಲ್ಲ ಇದ್ದರೂ ಅವರ ಸಂಪ್ರದಾಯದಲ್ಲಿ ಒಂದು ತೊಡಕು. ಕಟ್ಟುವವನು ತನ್ನ ಮೈಗೆ ತಾನು ಕಟ್ಟಿಕೊಳ್ಳಬಾರದು. “ನಮ್ ಕೈ ನಮ್ ಮೈಗೆ ಹತ್ತಾಕಿಲ್ಲ” ಎನ್ನುತ್ತಿದ್ದರು. ಹೀಗಾಗಿ, ನಲವತ್ತು ವರ್ಷ ಕುಕ್ಕರುಗಾಲಲ್ಲಿ ಕೂತು ಲೋಕದ ಮಂಡಿಗಳನ್ನೆಲ್ಲ ನೆಟ್ಟಗೆ ಮಾಡಿದ ಮನುಷ್ಯನ ಬಲಮಂಡಿ ಸವೆದು, ಕೂತರೆ ಏಳಲಾಗದ, ಎದ್ದರೆ ಕೂರಲಾಗದ ಸ್ಥಿತಿಗೆ ಬಂದಾಗ, ಅದನ್ನು ನೋಡಲು ಲೋಕದಲ್ಲಿ ಇನ್ನೊಬ್ಬ ಕಟ್ಟಿನಯ್ಯ ಇರಲಿಲ್ಲ.

ಒಂದು ಗುರುವಾರ ಜನವೆಲ್ಲ ಹೋದ ಮೇಲೆ ನನ್ನನ್ನು ಕರೆದರು.

“ಲೇ ರೈಟ್ರು, ಬೆಂಗ್ಳೂರಲ್ಲಿ ಮಂಡಿನೇ ಬದಲಾಯಿಸ್ತಾರಂತಲ್ಲ?”

“ಹೌದಯ್ಯ. ಸ್ಟೀಲಿಂದು ಹಾಕ್ತಾರೆ.”

“ಒಸಿ ಗುಟ್ಟಾಗಿ ಆಗ್ತದಾ?”

“ಗುಟ್ಟು ಯಾಕಯ್ಯ?”

“ನಿನ್ನ ತಲೆ. ಊರೋರ ಮಂಡಿ ಕಟ್ಟೋನು ತನ್ ಮಂಡಿ ಕುಯ್ಸ್ಕಂಡ ಅಂದ್ರೆ ನಾಳಿಂದ ಈ ಜಗಲಿ ಮೇಲೆ ನಾಯಿ ಮನೀಕತದೆ. ನಿನ್ ಬಾಯಿಂದ ಆಚೆ ಹೋಗಬಾರ್ದು. ಆಣೆ ಮಾಡು.”

ಆಣೆ ಮಾಡಿದೆ. ಊರಿಗೆ ಕಟ್ಟಿನಯ್ಯ ಪತ್ನೀಸಮೇತ ಕಾಶಿಯಾತ್ರೆಗೆ ಹೊರಟರೆಂದು ಸಾರಲಾಯಿತು. ಯೋಜನೆಯನ್ನು ರಚಿಸಿದವನು ನಾನು. ಆಪರೇಷನ್ ಬೆಂಗಳೂರಿನಲ್ಲಿ, ಅಲ್ಲಿಂದ ನೇರವಾಗಿ ಚನ್ನಪಟ್ಟಣದ ನಮ್ಮ ಮನೆಯ ಹಿಂದಿನ ಕೋಣೆ, ನಡೆಯುವಂತಾದ ಮೇಲೆ ಕೈಯಲ್ಲಿ ಗಂಗಾಜಲದ ಗಿಂಡಿ ಹಿಡಿದು ಊರ ಪ್ರವೇಶ. ಗಿಂಡಿಯನ್ನು ಮುಂಗಡವಾಗಿ ಪೂಜೆಸಾಮಾನಿನ ಗ್ರಂಥಿಗೆ ಅಂಗಡಿಯಲ್ಲಿ ಕೊಂಡೂ ಆಗಿತ್ತು. ಅವರ ಒಬ್ಬಳೇ ಮಗಳನ್ನು ಮಾಗಡಿ ಕಡೆಗೆ ಕೊಟ್ಟಿದ್ದರು; ಆಕೆ ಆಗ ಹಸಿ ಬಾಣಂತಿ. ಹಾಗಾಗಿ ಆಸ್ಪತ್ರೆಯ ಓಡಾಟ, ಕಾಗದಪತ್ರ, ಡಾಕ್ಟರ ಜೊತೆ ಮಾತು, ಸಮಸ್ತವೂ ನನ್ನ ಪಾಲಿಗೆ ಬಂತು. ನನಗೂ ಅದು ಇಷ್ಟವೇ.

ಆಸ್ಪತ್ರೆಯಲ್ಲಿ ಫಾರಂ ಕೊಟ್ಟರು. ಉದ್ಯೋಗ: ವ್ಯವಸಾಯ. ಹಿಂದಿನ ಕಾಯಿಲೆಗಳು: ಇಲ್ಲ. ಹೆಬ್ಬೆಟ್ಟಿನ ವಿಷಯ ಬರೆದರೆ ಯಾರು ನೋಡಿದರು, ಏನು ಔಷಧಿ ಎಂಬ ಪ್ರಶ್ನೆ ಬರುತ್ತದೆ. ಪ್ರಶ್ನೆ ಬಂದರೆ ಗುಟ್ಟು ಹೊರಗೆ ಬರುತ್ತದೆ. ತಂಟೆ ತಕರಾರು ಇರುವುದಿಲ್ಲ. ಅವರು ಕೂಡಿಸಿಕೊಟ್ಟ ಕೈಯಿಂದಲೇ ದುಂಡಗೆ ‘ಇಲ್ಲ’ ಎಂದು ಬರೆದೆ.

ದೊಡ್ಡ ಡಾಕ್ಟರು ಒಳ್ಳೆಯ ಮನುಷ್ಯ. ಮಂಡಿಯನ್ನು ಮಡಚಿ ನೋಡುತ್ತಾ ಹೇಳಿದರು: “ನಿಮ್ ಕಡೆ ಸೊಪ್ಪು ಕಟ್ಟೋರು ಜಾಸ್ತಿ ಅಲ್ವಾ? ನಮ್ಮ ಅರ್ಧ ಕೆಲಸ ಅವರು ಕಟ್ಟಿದ್ದನ್ನ ಬಿಚ್ಚೋದೇ. ನೀವು ಕಟ್ಟಿಸಿಕೊಂಡಿಲ್ಲ ತಾನೇ?”

ಕಟ್ಟಿನಯ್ಯ ಎದೆಯ ಮೇಲೆ ಕೈಯಿಟ್ಟರು. “ಇಲ್ಲ ಸ್ವಾಮಿ. ಹುಟ್ದಾಗಿಂದ ಒಂದ್ ಸಲವೂ ಕಟ್ಟಿಸ್ಕಂಡೋನಲ್ಲ.”

ಹರಿಶ್ಚಂದ್ರನೂ ಅಷ್ಟು ನಿಖರವಾದ ಸತ್ಯ ಹೇಳಿರಲಿಕ್ಕಿಲ್ಲ. ಹೊರಗೆ ಬಂದು ನಾವಿಬ್ಬರೂ ಕಣ್ಣಲ್ಲಿ ನೀರು ಬರುವವರೆಗೆ ನಕ್ಕೆವು.

ಆಪರೇಷನ್ ಚೆನ್ನಾಗಿಯೇ ಆಯಿತು. ಆರನೆಯ ದಿನ ನಮ್ಮ ಮನೆಗೆ ಕರೆತಂದೆ. ವಾಕರ್ ಹಿಡಿದು ಹಿಂದಿನ ಕೋಣೆಯಿಂದ ಹಿತ್ತಲ ಬಾಗಿಲವರೆಗೆ ನಡೆದರು. ಮೂಳೆಗೆ ಬಲ ಬರಲೆಂದು ನನ್ನ ಹೆಂಡತಿ ದಿನವೂ ಎರಡು ಹೊತ್ತು ಕಾಲು ಸೂಪು ಮಾಡಿದಳು. ನಮ್ಮ ಕಡೆ ಮೂಳೆಗೆ ಏನಾದರೂ ಆದವರಿಗೆ ಕುರಿಯ ಕಾಲು ಬೇಯಿಸಿ ಕುಡಿಸದಿದ್ದರೆ ಮನೆಯವರನ್ನು ನೆಂಟರು ಆಡಿಕೊಳ್ಳುತ್ತಾರೆ. ಕಟ್ಟಿನಯ್ಯ ಬೇಡವೆನ್ನುವ ಪೈಕಿಯಲ್ಲ. ಎರಡನೆಯ ಭಾನುವಾರ ಸೂಪಿನ ಜೊತೆಗೆ ಬೋಟಿಯೂ ಆಯಿತು.

ಬುಧವಾರ ಬೆಳಿಗ್ಗೆ ಕಾಫಿ ಕೊಡಲು ಹೋದರೆ ಅವರು ಮೈಮೇಲಿನ ಹೊದಿಕೆಯನ್ನು ಎಡಗೈಯಿಂದ ಮೇಲೆತ್ತಿ ಹಿಡಿದು ಕೂತಿದ್ದರು. ಹೊಸ ಮಂಡಿ ಎಳನೀರು ಬುರುಡೆಯಷ್ಟು ದಪ್ಪ, ಕೆಂಪಗೆ ಹೊಳೆಯುತ್ತಿತ್ತು. ಮೈಯಲ್ಲಿ ಜ್ವರ.

ಬೆಂಗಳೂರಿಗೆ ಓಡಿದೆವು. ಸೂಜಿ ಹಾಕಿ ಮಂಡಿಯಿಂದ ನೀರು ತೆಗೆದರು. ಗಂಜಿಯ ಹಾಗೆ ಬಗ್ಗಡವಾಗಿತ್ತು. ರಕ್ತ ಪರೀಕ್ಷೆ ಮಾಡಿದರು, ಎಲ್ಲವೂ ಹೆಚ್ಚು. ದೊಡ್ಡ ಡಾಕ್ಟರ ಮುಖದಲ್ಲಿ ನಗೆ ಇರಲಿಲ್ಲ. ಹಾಕಿದ ಮಂಡಿಗೆ ಕೀವು ಹಿಡಿದರೆ ಕಾಯುವಂತಿಲ್ಲ, ಮಧ್ಯಾಹ್ನವೇ ಮತ್ತೆ ತೆರೆದು ತೊಳೆಯಬೇಕು, ತಡವಾದರೆ ಹಾಕಿದ್ದನ್ನೇ ಕೀಳಬೇಕಾದೀತು ಎಂದರು.

ವಾರ್ಡಿಗೆ ಬಂದು ಹೇಳಿದೆ. ಕಟ್ಟಿನಯ್ಯ ಕೇಳಿಸಿಕೊಂಡು, ತಮ್ಮ ಹೆಬ್ಬೆರಳನ್ನು ನಿಧಾನವಾಗಿ ತಮ್ಮ ಮಂಡಿಯ ಮೇಲಿಟ್ಟರು. ತನ್ನ ಮೈಯನ್ನು ತಾನು ನೋಡಿಕೊಳ್ಳಬಾರದೆಂಬ ನಿಯಮವನ್ನು ಅವರು ಮುರಿದದ್ದನ್ನು ನಾನು ಕಂಡದ್ದು ಅದೊಂದೇ ಸಲ. ಹಲ್ಲು ಕಚ್ಚಿ, ಕಣ್ಣು ಮುಚ್ಚಿ, ಎಷ್ಟೋ ಹೊತ್ತು ಹಾಗೇ ಇದ್ದರು. ಆಮೇಲೆ ಕಣ್ಣು ಬಿಟ್ಟರು.

“ಇದು ಕೀವಲ್ಲ ಕಣ್ಲಾ, ಮರಳು. ಹೆಬ್ಬೆಟ್ಟಿಗೆ ಬತ್ತಿದ್ದುದೇ ಮಂಡಿಗೆ ಬಂದೈತೆ. ಸೂಪು ಕುಡಿಸಿ ಎಬ್ಬಿಸ್ಬುಟ್ರಿ. ಕುಯ್ಯೋಕೆ ಮುಂಚೆ ಅದ್ನೊಸಿ ನೋಡಿ ಅಂತ ಡಾಕ್ಟ್ರಿಗೆ ಹೇಳು.”

“ಹೇಳ್ತೀನಯ್ಯ.”

“ಹಂಗೇ ಹೇಳು. ನಿನ್ ಪತ್ರದ ಭಾಷೇಲಿ ಹೇಳ್ಬ್ಯಾಡ.”

ಡಾಕ್ಟರ ಕೋಣೆಗೆ ಹೋದೆ. ಅವರು ಒಪ್ಪಿಗೆಯ ಕಾಗದಗಳನ್ನು ಮುಂದಿಟ್ಟರು. ಪಕ್ಕದಲ್ಲಿ ಚಿಕ್ಕ ವಯಸ್ಸಿನ ಡಾಕ್ಟರಮ್ಮ ಒಬ್ಬರು ನಿಂತಿದ್ದರು. ದೊಡ್ಡ ಡಾಕ್ಟರೇ ಕೇಳಿದರು, ನಾನು ಬಾಯಿ ತೆರೆಯುವ ಮೊದಲೇ ಕೇಳಿದರು: “ಇವರಿಗೆ ಹಿಂದೆ ಯಾವಾಗಲಾದರೂ ಬೇರೆ ಯಾವ ಕೀಲಾದರೂ ಹೀಗೆ ಇದ್ದಕ್ಕಿದ್ದ ಹಾಗೆ ಊದಿದ್ದು ಉಂಟಾ? ಕಾಲಿನ ಹೆಬ್ಬೆರಳು, ಹಿಮ್ಮಡಿ?”

ಈ ಕ್ಷಣವನ್ನು ನಾನು ನೂರಾರು ಸಲ ತಿರುವಿ ಹಾಕಿದ್ದೇನೆ. ಹೌದೆಂದರೆ, ಫಾರಮಿನಲ್ಲಿ ಇಲ್ಲವೆಂದು ಬರೆದವನು ಸುಳ್ಳುಗಾರನಾಗುತ್ತಿದ್ದ. ಅದು ಮರಳಂತೆ ಎಂದರೆ, ಯಾರು ಹೇಳಿದ್ದು ಎಂದು ಕೇಳುತ್ತಾರೆ. ಸೊಪ್ಪು ಕಟ್ಟುವವರನ್ನು ಕಂಡರಾಗದ ಮನುಷ್ಯನ ಮುಂದೆ, ರೋಗಿಯೇ ಸೊಪ್ಪು ಕಟ್ಟುವವನು, ಅವನು ಹೆಬ್ಬೆರಳಿಟ್ಟು ನಿಮ್ಮ ಪರೀಕ್ಷೆಯನ್ನು ತಳ್ಳಿಹಾಕಿದ್ದಾನೆ ಎಂದು ಹೇಳಬೇಕು. ಹಳ್ಳಿ ಗಮಾರನ ಮಾತನ್ನು ಹೊತ್ತು ತಂದ ಹಳ್ಳಿ ಗಮಾರನಾಗಿ ನಾನು ಆ ಮೇಜಿನ ಮುಂದೆ ನಿಲ್ಲಬೇಕು. ಮೂವತ್ತೈದು ವರ್ಷದ ಅಭ್ಯಾಸ ನನ್ನ ಬಾಯಿಯ ಕೆಲಸವನ್ನು ತಾನೇ ಮಾಡಿತು.

“ಇಲ್ಲ ಸಾರ್. ಅಂಥದ್ದೇನೂ ಇಲ್ಲ.”

“ಸರಿಯಾಗಿ ಯೋಚನೆ ಮಾಡಿ ಹೇಳಿ” ಎಂದರು ಡಾಕ್ಟರಮ್ಮ.

“ಇಲ್ಲಮ್ಮ” ಎಂದು ಸಹಿ ಹಾಕಿದೆ.

ಸ್ಟ್ರೆಚರ್ ತಳ್ಳುವಾಗ ಕಟ್ಟಿನಯ್ಯ ಕತ್ತು ತಿರುಗಿಸಿ ಕೇಳಿದರು: “ಹೇಳ್ದಾ?”

“ಹೇಳ್ದೆ.”

“ಏನಂದ್ರು?”

“ಇಲ್ಲವಂತೆ ಅಯ್ಯ. ಕೀವೇ ಅಂತೆ.”

ಅವರು ಎದೆಯ ಮೇಲಿದ್ದ ಬಲಗೈಯನ್ನು ತೆಗೆದು ಹೊದಿಕೆಯ ಒಳಗಿಟ್ಟುಕೊಂಡರು, ಅಷ್ಟೆ.

ಮಂಡಿಯನ್ನು ಮತ್ತೆ ತೆರೆದರು, ತೊಳೆದರು, ಒಳಗಿನ ಪ್ಲಾಸ್ಟಿಕ್ ಭಾಗವನ್ನು ಬದಲಾಯಿಸಿದರು. ಮೂರನೆಯ ದಿನ ಆ ಡಾಕ್ಟರಮ್ಮ ನನ್ನನ್ನು ವರಾಂಡದಲ್ಲಿ ನಿಲ್ಲಿಸಿದರು. ಮಂಡಿಯ ನೀರಿನ ಒಂದು ಪಾಲನ್ನು ಅವರು ಬೇರೆ ಲ್ಯಾಬಿಗೂ ಕಳಿಸಿದ್ದರಂತೆ. ರೋಗಾಣು ಒಂದೂ ಬೆಳೆದಿರಲಿಲ್ಲ. ಮೈಕ್ರೋಸ್ಕೋಪಿನಲ್ಲಿ ಕಂಡದ್ದು ಹರಳು. ಸೂಜಿಯ ಹಾಗೆ ಚೂಪಾದ, ಕಣ್ಣಿಗೆ ಕಾಣದ ಹರಳುಗಳು.

“ಇದಕ್ಕೆ ಗೌಟ್ ಅಂತೀವಿ. ದೊಡ್ಡ ಆಪರೇಷನ್ ಆದ ಮೇಲೆ ಕೆಲವರಿಗೆ ಹೀಗೆ ಕೆರಳುತ್ತೆ, ನೋಡೋಕೆ ಥೇಟ್ ಕೀವಿನ ಹಾಗೇ ಇರುತ್ತೆ. ಮಾತ್ರೆಗೆ ಇಳಿಯುತ್ತೆ. ಮೊದಲೇ ಆಗಿತ್ತು ಅಂತ ಒಂದು ಮಾತು ಗೊತ್ತಿದ್ದಿದ್ರೆ ಹರಳು ನೋಡೋವರೆಗೂ ಕಾಯ್ತಿದ್ವಿ.” ಸ್ವಲ್ಪ ತಡೆದು ಕೇಳಿದರು: “ನಿಜವಾಗಲೂ ಯಾವತ್ತೂ ಆಗಿರಲಿಲ್ವಾ?”

ನಾನು ಅವರ ಕೈಲಿದ್ದ ಕಾಗದಕ್ಕೆ ಕೈ ಚಾಚಿದೆ. ಅವರು ರಿಪೋರ್ಟನ್ನು ನನ್ನ ಕೈಗೆ ಕೊಟ್ಟು ಹೋದರು. ಅವರ ಮೇಲೆ ನನಗೆ ದೂರಿಲ್ಲ. ದೊಡ್ಡ ಡಾಕ್ಟರ ಮೇಲೂ ಇಲ್ಲ. ಅವರು ಕೇಳಬೇಕಾದ್ದನ್ನು ಕೇಳಬೇಕಾದ ಹೊತ್ತಿಗೆ ಕೇಳಿದ್ದರು.

ಮಾತ್ರೆ ಶುರುವಾಗಿ ಎರಡು ದಿನಕ್ಕೆ ಊತ ಇಳಿಯಿತು. “ಯಾವ್ದುಲಾ ಈ ಮಾತ್ರೆ, ಚೆನ್ನಾಗೈತೆ?” ಎಂದರು ಕಟ್ಟಿನಯ್ಯ. ಅದು ನಿಜ ಹೇಳಲು ನನಗೆ ಸಿಕ್ಕ ಎರಡನೆಯ ಅವಕಾಶ. ನಿಮ್ಮ ಕೈ ಹೇಳಿದ್ದೇ ನಿಜ ಎಂದರೆ ಸಾಕಿತ್ತು. ಆದರೆ ಅದರ ಬೆನ್ನಿಗೇ, ಹಾಗಾದರೆ ನೀನು ಹೇಳಿದರೂ ಡಾಕ್ಟರು ಯಾಕೆ ಒಪ್ಪಲಿಲ್ಲ ಎಂಬ ಮಾತು ಬರುತ್ತದೆ. “ಕೀವು ಒಣಗೋ ಮಾತ್ರೆ” ಎಂದೆ. ರಿಪೋರ್ಟು ಇಂಗ್ಲಿಷಿನಲ್ಲಿತ್ತು. ಅಕ್ಕನಿಗೂ ಅವರಿಗೂ ಓದಲು ಬರುತ್ತಿರಲಿಲ್ಲ. ಅದು ನನ್ನ ಚರ್ಮದ ಬ್ಯಾಗಿನಲ್ಲಿ ಕ್ರಯಪತ್ರಗಳ ನಡುವೆ ಮಲಗಿತು.

ಕಾಶಿಯಾತ್ರೆ ಎರಡು ತಿಂಗಳಾಯಿತು. ಗಿಂಡಿ ಹಿಡಿದು ಊರು ಹೊಕ್ಕರು. ಜನ ಕಾಲಿಗೆ ಬಿದ್ದರು. ಬಿದ್ದವರಾರಿಗೂ ಪಂಚೆಯ ಒಳಗಿನ ಹೊಲಿಗೆ ಕಾಣಲಿಲ್ಲ. ಕುಕ್ಕರುಗಾಲು ಇನ್ನಿಲ್ಲವೆಂದು ಡಾಕ್ಟರು ಮೊದಲೇ ಹೇಳಿದ್ದರಿಂದ ನಾನು ಒಂದು ಕುರ್ಚಿ, ನೋವಿನವರು ಕೂರಲು ಎತ್ತರದ ಒಂದು ಬೆಂಚು ಮಾಡಿಸಿಕೊಟ್ಟೆ. ಮಂಡಿ ನಡೆಯಲು ಸಾಕಾಗುವಷ್ಟು ಮಡಚುತ್ತಿತ್ತು. ಕಟ್ಟು ಹಾಕಲು ಅಡ್ಡಿಯೇನೂ ಇರಲಿಲ್ಲ.

ಮೊದಲ ಭಾನುವಾರ ದೊಡ್ಡಆಲಹಳ್ಳಿಯ ಒಬ್ಬ ಹೆಂಗಸು ಮಣಿಕಟ್ಟು ಊದಿಸಿಕೊಂಡು ಬಂದಳು. ನಾನು ಜಗಲಿಯ ಮೇಲೇ ಇದ್ದೆ, ಬ್ಯಾಗು ತೊಡೆಯ ಮೇಲಿತ್ತು. ಕಟ್ಟಿನಯ್ಯ ಹೆಬ್ಬೆರಳನ್ನು ಆಕೆಯ ಕೈ ಮೇಲೆ ಇಟ್ಟರು. ಕಣ್ಣು ಮುಚ್ಚಲಿಲ್ಲ. ಬೇರೆ ಮಾತು ತೆಗೆಯಲಿಲ್ಲ. ಬಿಸಿ ಪಾತ್ರೆ ಮುಟ್ಟಿದವರ ಹಾಗೆ ಬೆರಳನ್ನು ಹಿಂದಕ್ಕೆ ತೆಗೆದುಕೊಂಡರು.

“ಆಸ್ಪತ್ರೆಗೆ ಹೋಗವ್ವ. ಎಕ್ಸ್‌ರೇ ತಗ್ಸು.”

“ಇದೇನಯ್ಯ ಹಿಂಗಂತೀರಿ? ನಮ್ಮವ್ವನ ಸೊಂಟ ನೋಡ್ದೋರು ನೀವೇ, ನಮ್ಮೆಜಮಾನ್ರ ಭುಜ ನೋಡ್ದೋರು ನೀವೇ.”

“ಆಗ ಕೈ ಹೇಳ್ತಿತ್ತು. ಈಗ ಹೇಳಾಕಿಲ್ಲ ಕಣವ್ವ. ಹೇಳುದ್ರೂ ಸುಳ್ ಹೇಳ್ತದೆ.”

“ಕಾಶಿಗೋಗಿ ಬಂದ್ಮೇಲೆ ಹಿಂಗಾಯ್ತಾ?”

“ಹೂಂ” ಎಂದರು. ನನ್ನ ಕಡೆ ನೋಡಲಿಲ್ಲ.

ರಿಪೋರ್ಟು ನನ್ನ ಬೆರಳುಗಳಿಂದ ಒಂದು ಗೇಣು ದೂರದಲ್ಲಿತ್ತು. “ಬಿಸಿಲಾಯ್ತು ಅಕ್ಕ, ಬತ್ತೀನಿ” ಎಂದು ಎದ್ದು ಬಂದೆ.

ಆಮೇಲೆ ಅವರು ಯಾರನ್ನೂ ಮುಟ್ಟಲಿಲ್ಲ. ಸೊಪ್ಪು ಅರೆಯುವ ಕಲ್ಲನ್ನು ಅಕ್ಕ ಒಳಗೆ ತೆಗೆದಿಟ್ಟರು. ಕುರ್ಚಿಯಲ್ಲಿ ಕೂತು, ಎರಡೂ ಕೈಗಳನ್ನು ತೊಡೆಯ ಮೇಲೆ ಅಂಗಾತ ಇಟ್ಟುಕೊಂಡು, ಯಾರದೋ ವಸ್ತುವನ್ನು ನೋಡುವ ಹಾಗೆ ನೋಡುತ್ತಿದ್ದರು. ಒಮ್ಮೆ ನನ್ನನ್ನು ಕೇಳಿದರು: “ನಲವತ್ತು ವರ್ಷದಲ್ಲಿ ಇನ್ನೆಷ್ಟು ಜನಕ್ಕೆ ತಪ್ ಹೇಳಿದ್ದೀನೋ ಏನೋ ಅಲ್ವಾ?” ಇದಕ್ಕೂ ನಾನು ಒಂದು ಉತ್ತರ ಕೊಟ್ಟೆ. ಏನು ಕೊಟ್ಟೆನೆಂದು ಬರೆಯಲು ನಾಚಿಕೆಯಾಗುತ್ತದೆ. ‘ವಯಸ್ಸಾಯ್ತಲ್ಲ ಅಯ್ಯ’ ಎಂದೆ.

ಮುಂದಿನ ಸಂಕ್ರಾಂತಿ ಕಳೆದ ವಾರ, ಬೆಳಗಿನ ಬಿಸಿಲಿಗೆ ಕೂತಿದ್ದಾಗ ಎದೆ ಹಿಡಿದುಕೊಂಡರಂತೆ. ಅಕ್ಕ ನೀರು ತರುವಷ್ಟರಲ್ಲಿ ಮುಗಿದಿತ್ತು. ಮಣ್ಣಿಗೆ ಬಂದವರಲ್ಲಿ ಅವರಿಂದ ಒಂದಲ್ಲ ಒಂದು ಮೂಳೆ ಕೂಡಿಸಿಕೊಳ್ಳದವರು ಕಡಿಮೆ. ಹೆಣ ಹೊರಲು ಜನ ಹೆಗಲಿಗೆ ಹೆಗಲು ತಿಕ್ಕಾಡಿದರು. ಆ ಹೆಗಲುಗಳಲ್ಲಿ ಎಷ್ಟೋ ಅವರು ಕೂರಿಸಿದ್ದು. ನಾನೂ ಒಂದು ಹಿಡಿ ಮಣ್ಣು ಹಾಕಿದೆ, ಬಲಗೈಯಿಂದ.

ಸತ್ತವರು ಕನಸಿನಲ್ಲಿ ಬರುತ್ತಾರೆ ಎನ್ನುತ್ತಾರೆ. ಕಟ್ಟಿನಯ್ಯ ಹಾಗೆ ಬರುವವರಲ್ಲ. ಅವರು ಕಚೇರಿಯ ವೇಳೆಯಲ್ಲಿ, ಹಾಡುಹಗಲಲ್ಲಿ ಬರುತ್ತಾರೆ. ಎದುರಿಗೆ ಕಕ್ಷಿದಾರರು ಕೂತು ಮಾತಾಡುತ್ತಿರುವಾಗ, ನಾನು ಸೋಸಲು ಪೆನ್ನು ಎತ್ತಿದಾಗ, ಕಿವಿಯ ಹಿಂದೆ ‘ಹೇಳ್ದಾ?’ ಎನ್ನುತ್ತಾರೆ. ‘ಯಾವುದೇ ತಕರಾರು ಇರುವುದಿಲ್ಲ’ ಎಂಬ ಸಾಲಿಗೆ ಬಂದರೆ ಕೈ ನಿಲ್ಲುತ್ತದೆ. ಒಮ್ಮೆ ಒಬ್ಬ ಅಜ್ಜಿಯ ದಾನಪತ್ರದಲ್ಲಿ ಆಕೆ ಸೊಸೆಯನ್ನು ಬೈದದ್ದನ್ನು ಪೂರ್ತಿಯಾಗಿ ಬರೆದುಬಿಟ್ಟಿದ್ದೆ. ಸಬ್ ರಿಜಿಸ್ಟ್ರಾರ್ ಸಾಹೇಬರು ಕನ್ನಡಕ ತೆಗೆದು ನನ್ನನ್ನು ನೋಡಿ, “ಏನ್ರೀ, ಹುಷಾರಾಗಿದ್ದೀರಾ?” ಎಂದರು.

ಹುಷಾರಾಗಿರಲಿಲ್ಲ. ಒಂದು ದಿನ ರಿಪೋರ್ಟನ್ನು ತೆಗೆದು, ಒಂದು ಬಿಳಿ ಹಾಳೆಯ ಮೇಲೆ ಅದರ ಸಾರವನ್ನು ಕನ್ನಡದಲ್ಲಿ ಬರೆದೆ. ಅದರ ಕೆಳಗೆ, ಆ ಬುಧವಾರ ವಾರ್ಡಿನಲ್ಲಿ ಅವರು ಹೇಳಿದ ಮಾತನ್ನು, ಒಂದು ಅಕ್ಷರ ತಿದ್ದದೆ, ಅವರ ಬಾಯಿಂದ ಬಂದ ಹಾಗೇ ಬರೆದೆ. ತೆಗೆದುಕೊಂಡು ಊರಿಗೆ ಹೋದೆ.

ಅಕ್ಕ ಅವರೆಕಾಯಿ ಸುಲಿಯುತ್ತಿದ್ದರು. ಎಲ್ಲವನ್ನೂ ಹೇಳಿದೆ: ಫಾರಮು, ಡಾಕ್ಟರ ಪ್ರಶ್ನೆ, ನನ್ನ ಉತ್ತರ, ಮಾತ್ರೆ. ಆಮೇಲೆ ಹಾಳೆ ಓದಿದೆ. ಗಂಡನ ಮಾತು ಬಂದ ಕಡೆ ಅಕ್ಕನ ಬೆರಳು ಕಾಯಿಯ ಮೇಲೆ ನಿಂತಿತು.

“ಇಷ್ಟೇನಾ?”

“ಇಷ್ಟೇ ಅಕ್ಕ.”

“ಇಷ್ಟ್ ಹೇಳಾಕೆ ಬಾಯಿ ಬರ್ಲಿಲ್ಲ ನಿಮ್ಗೆ.”

ಅದು ಪ್ರಶ್ನೆಯಾಗಿರಲಿಲ್ಲ. ಕಾಯಿಯ ಬುಟ್ಟಿಯನ್ನು ಪಕ್ಕಕ್ಕೆ ಸರಿಸಿದರು. ಆಮೇಲೆ, “ನಂಗ್ ಓದಿ ಏನ್ ಪ್ರಯೋಜ್ನ ರೈಟ್ರಪ್ಪ? ತಮ್ ಕೈ ಸುಳ್ ಹೇಳ್ತು ಅಂದ್ಕಂಡೇ ಹೋದ್ರು ಅವರು. ಊರೂ ಹಂಗೇ ಅಂದ್ಕಂಡೈತೆ. ಭಾನುವಾರ ಬನ್ನಿ. ಅವರು ಇಲ್ಲ ಅಂತ ಗೊತ್ತಿಲ್ದೋರು ಇನ್ನೂ ಬತ್ತಾವ್ರೆ. ಅವರ ಮುಂದೆ ಓದಿ” ಎಂದರು.

“ಕಾಶಿ ವಿಷಯ ಹೊರಗೆ ಬರುತ್ತಲ್ಲ ಅಕ್ಕ. ಆಣೆ ಮಾಡಿದ್ದೆ.”

“ಆಣೆ ಮುರಿದ್ರೆ ನಿಮ್ಗೆ ತಾನೇ ಪಾಪ? ಒಂದಿರ್ಲಿ, ಕಟ್ಕಳಿ.”

ಭಾನುವಾರ ಹೋದೆ. ಜಗಲಿಯ ಮೇಲೆ ಆರೇಳು ಜನವಿದ್ದರು. ನಿಂತು ಓದಿದೆ. ಮಂಡಿ, ಆಪರೇಷನ್, ಇಲ್ಲದ ಕಾಶಿ, ಹರಳು, ಕೊನೆಗೆ ಅವರ ಮಾತು. ಯಾರೂ ನಗಲಿಲ್ಲ. ಕನಕಪುರದ ಕಡೆಯಿಂದ ಬಂದಿದ್ದ ಒಬ್ಬ ಮುದುಕರು, ಕಾಲಿಗೆ ಬಟ್ಟೆ ಸುತ್ತಿಕೊಂಡಿದ್ದವರು, ಕತ್ತು ಮುಂದೆ ಚಾಚಿ ಕೇಳಿದರು:

“ಹಂಗಾರೆ ಅಯ್ನೋರ ಕೈ ಸರಿಯಾಗೇ ಹೇಳಿತ್ತು ಅನ್ನಿ.”

“ಸರಿಯಾಗೇ ಹೇಳಿತ್ತು.”

“ಮತ್ತೆ ಡಾಕ್ಟ್ರಿಗೆ ಯಾರೂ ಹೇಳ್ಲಿಲ್ವಾ?”

“ಹೇಳೋದಕ್ಕೆ ಅಂತಲೇ ಒಬ್ಬನನ್ನ ಕಳಿಸಿದ್ದರು. ಅವನು ಹೇಳಲಿಲ್ಲ.”

ಮುದುಕರು ಬಿಡಲಿಲ್ಲ. “ಯಾವನವ್ನು, ಮನೆಹಾಳ?”

ಅಕ್ಕ ಒಳಗಿನಿಂದ ಬಂದು ಬಾಗಿಲಿಗೆ ಒರಗಿ ನಿಂತರು. ನಾನು ಹಾಳೆಯನ್ನು ಮಡಚದೆ ಹಾಗೇ ಹಿಡಿದುಕೊಂಡೆ.

“ನಾನೇ” ಎಂದೆ.